ಸಹಾಯ ಬೇಕು: ಮಳೆಗಾಲದಲ್ಲಿ ಕ್ಯಾಂಪರ್ ವ್ಯಾನ್ ಒಳಗೆ ನೀರು ಬೆವರುತ್ತಿದೆ

ಎಲ್ಲರಿಗೂ ನಮಸ್ಕಾರ. ನಮ್ಮದು ತೀರ್ಥಹಳ್ಳಿ. ಮಾರುತಿ ಈಕೋ ವ್ಯಾನನ್ನು ಇಬ್ಬರು ಮಲಗೋ ಹಾಗೆ ಮಾಡಿಕೊಂಡಿದ್ದೇವೆ. ಸೀಟು ಬಿಚ್ಚಿಲ್ಲ, ಆರ್‌ಸಿಯಲ್ಲಿರೋ ಸೀಟಿನ ಲೆಕ್ಕ ತಪ್ಪಿದರೆ ಆರ್‌ಟಿಒ ತಲೆನೋವು ಯಾಕೆ ಅಂತ. ಮಡಚಿ ಮೇಲೆ ಪ್ಲೈವುಡ್ ಹಲಗೆ, ಅಷ್ಟೇ.

ಬೇಸಿಗೆಯಲ್ಲಿ ಆರಾಮ. ಮಳೆಗಾಲದಲ್ಲಿ ಆಗುಂಬೆ ಕಡೆ ನಿಲ್ಲಿಸಿ ಮಲಗಿದರೆ ಬೆಳಗಿನ ಜಾವ ಚಾವಣಿಯ ತಗಡಿನಿಂದ ಹನಿ ಹನಿಯಾಗಿ ಮುಖದ ಮೇಲೆ ಬೀಳುತ್ತೆ. ಸೋರಿಕೆ ಅಲ್ಲ, ನಮ್ಮದೇ ಉಸಿರಿನ ಆವಿ ತಣ್ಣನೆ ತಗಡಿಗೆ ತಾಗಿ ನೀರಾಗೋದು. ಹಾಸಿಗೆ ತಿರುಗಿಸಿದರೆ ಅಡಿಯಲ್ಲಿ ಬೂಷ್ಟು. ಕಿಟಕಿ ತೆಗೆದರೆ ಎರಚಲು, ಜೊತೆಗೆ ಇಂಬಳ (ಜಿಗಣೆ)!

ಶಿವಮೊಗ್ಗದಲ್ಲಿ ಒಬ್ಬರು ಚಾವಣಿಗೆ ಒಳಗಿನಿಂದ ಥರ್ಮೋಕೋಲ್ ಹಾಕಿ ಅಂದರು. ನನಗೆ ಒಪ್ಪಿಗೆಯಾಗಲಿಲ್ಲ. ತಗಡಿಗೂ ಅದಕ್ಕೂ ನಡುವೆ ಸಂದು ಉಳಿದರೆ ನೀರು ಅಲ್ಲೇ ಕೂತು ತುಕ್ಕು ಹಿಡಿಯುತ್ತೆ ಅಲ್ವಾ? ಅದರ ಬದಲು ಎಸಿ ಪೈಪಿಗೆ ಸುತ್ತುವ ಕಪ್ಪು ನೈಟ್ರೈಲ್ ರಬ್ಬರ್ ಶೀಟನ್ನು ಸಂದಿಲ್ಲದ ಹಾಗೆ ತಗಡಿಗೇ ಅಂಟಿಸೋಣ ಅಂತಿದ್ದೇನೆ. ಯಾರಾದರೂ ಹಾಕಿದ್ದೀರಾ? 10 ಮಿ.ಮೀ. ಸಾಕಾ? ಬಿಸಿಲಲ್ಲಿ ಗೋಂದು ಬಿಡುತ್ತಾ?

ಆದರೆ ಆವಿ ಹೊರಗೆ ಹೋಗದಿದ್ದರೆ ಶೀಟು ಒಂದರಿಂದಲೇ ಆಗಲ್ಲ. 12 ವೋಲ್ಟಿನ ಎಕ್ಸಾಸ್ಟ್ ಫ್ಯಾನ್ ಬೇಕು. ಚಾವಣಿ ಕೊರೆಯಲು ಧೈರ್ಯವಿಲ್ಲ, ಈ ಮಳೆಗೆ ಸುಮ್ನೆ ದಾರಿ ಮಾಡಿಕೊಟ್ಟ ಹಾಗೆ. ಹಿಂದಿನ ಕಿಟಕಿಗೆ ಲೂವರ್ (ಓರೆ ಪಟ್ಟಿಗಳ) ಚೌಕಟ್ಟು ಮಾಡಿ ಅದರಲ್ಲೇ ಫ್ಯಾನ್ ಕೂರಿಸಿದವರಿದ್ದರೆ ಫೋಟೋ ಹಾಕಿ.

ಕರೆಂಟಿಗೆ ಬೇರೆ ಬ್ಯಾಟರಿ ಇಡಬೇಕು. ಜುಲೈನಲ್ಲಿ ಇಲ್ಲಿ ಸೋಲಾರ್ ನಂಬಿಕೊಳ್ಳೋ ಹಾಗಿಲ್ಲ. ಗಾಡಿ ಓಡುವಾಗ ಆಲ್ಟರ್ನೇಟರಿನಿಂದ (ಎಂಜಿನ್ ಜೊತೆ ತಿರುಗಿ ಕರೆಂಟು ಕೊಡೋದು) ಡಿಸಿ-ಡಿಸಿ ಚಾರ್ಜರ್ (ಆ ಕರೆಂಟನ್ನು ಎರಡನೇ ಬ್ಯಾಟರಿಗೆ ಹೊಂದಿಸಿ ಕೊಡೋ ಸಾಧನ) ಮೂಲಕ ತುಂಬಿಸಬೇಕು. ಈಕೋದ ಆಲ್ಟರ್ನೇಟರಿಗೆ ಎಷ್ಟು ಆಂಪಿಯರ್ ಚಾರ್ಜರ್ ಜಾಸ್ತಿ ಆಗಲ್ಲ? ಸಾಗರ, ಶಿವಮೊಗ್ಗ ಕಡೆ ಈ ವೈರಿಂಗ್ ಗೊತ್ತಿರೋ ಆಟೋ ಎಲೆಕ್ಟ್ರಿಷಿಯನ್ ಇದ್ದರೂ ತಿಳಿಸಿ.