ಪ್ಲೇಟ್ ಕಿತ್ತುಹೋದ ಹಳೇ ಪವರ್ ಟಿಲ್ಲರ್, ಎಂಜಿನ್ ಜಾಮ್: ಯಾವುದಿದು, ಎಲ್ಲಿಂದ ಶುರು ಮಾಡಲಿ?

ಸಾಗರದ_ತೋಟ
ಮಲಗಿದ ಸಿಲಿಂಡರಿನ ಒಂಟಿ ಡೀಸೆಲ್ ಎಂಜಿನ್, ನೀರಿನ ಕೂಲಿಂಗ್, ಹ್ಯಾಂಡಲ್ ಹೊಡೆದು ಸ್ಟಾರ್ಟ್ ಮಾಡುವ ಟಿಲ್ಲರ್. ನೇಮ್ ಪ್ಲೇಟ್ ಇಲ್ಲ, ಮೇಲೆ ಎರಡು ಮೂರು ಪದರ ಬಣ್ಣ. ಫ್ಲೈವೀಲ್ ಒಂದು ಕೂದಲಷ್ಟೂ ಅಲ್ಲಾಡುತ್ತಿಲ್ಲ. ಆಯಿಲ್ ಕಡ್ಡಿ ಎಳೆದರೆ ಹಾಲು ಹಾಕಿದ ಕಾಫಿ ಥರ ಇದೆ. ಒಬ್ಬ ಮೆಕ್ಯಾನಿಕ್ ವಿಎಸ್‌ಟಿ ಅಂತಾರೆ, ಇನ್ನೊಬ್ಬರು ಕ್ಯಾಮ್ಕೊ ಅಂತಾರೆ. ಲೈನರ್-ಪಿಸ್ಟನ್ ಕಿಟ್ (ಪಿಸ್ಟನ್ನೂ ಅದು ಓಡಾಡುವ ಕೊಳವೆಯೂ) ತರಿಸೋ ಮೊದಲು ಖಾತ್ರಿ ಆಗಬೇಕು. ಹ್ಯಾಂಡಲ್‌ಗೆ ಉದ್ದ ಪೈಪ್ ಸಿಕ್ಕಿಸಿ ಎಳೆದರೆ ಬಿಡುತ್ತದಾ?

ನಟ್ಟು_ಬೋಲ್ಟು
ಪೈಪ್ ಹಾಕಬೇಡಿ, ಅದರ ಬಗ್ಗೆ ಬೇರೆಯವರು ಹೇಳಲಿ. ನಾನು ಗುರುತಿನ ವಿಷಯ ಹೇಳ್ತೀನಿ.

ಬಣ್ಣ ನೋಡಿ ತೀರ್ಮಾನ ಮಾಡೋದು ದಂಡ. ನಮ್ಮ ಕಡೆ ಹಳೇ ಟಿಲ್ಲರ್ ಅಂದರೆ ಮುಖ್ಯವಾಗಿ ಎರಡು ಮನೆತನ. ಒಂದು ಬೆಂಗಳೂರಿನ ವಿಎಸ್‌ಟಿ, ಜಪಾನಿನ ಮಿತ್ಸುಬಿಷಿ ತಂತ್ರಜ್ಞಾನದ್ದು. ಹಳೆಯ ಗಾಡಿಗಳ ಮೇಲೆ 'ಮಿತ್ಸುಬಿಷಿ ಶಕ್ತಿ' ಅಂತಲೇ ಇರುತ್ತದೆ. ಇನ್ನೊಂದು ಕೇರಳದ ಅತ್ತಾಣಿಯಲ್ಲಿ 1973ರಲ್ಲಿ ಶುರುವಾದ ಸರ್ಕಾರಿ ಕಂಪನಿ ಕ್ಯಾಮ್ಕೊ, ಇದರದ್ದು ಜಪಾನಿನದೇ ಆದ ಕುಬೋಟಾ ಮೂಲ. ಆಮೇಲೆ ಬಂದ ಚೀನಾ ಎಂಜಿನ್‌ಗಳೂ ಇವೆ. ಬ್ಲಾಕಿನ ಪಕ್ಕ, ಗೇರ್ ಕೇಸ್ ಮತ್ತು ಹೆಡ್ ಮೇಲಿನ ಬಣ್ಣವನ್ನು ಥಿನ್ನರ್ ಹಾಕಿ, ವೈರ್ ಬ್ರಶ್‌ನಿಂದ ಉಜ್ಜಿ. ಎರಕದಲ್ಲೇ ಮೂಡಿದ ಅಕ್ಷರ ಸಿಗುತ್ತದೆ. 'ಇಆರ್90' ಅಂತ ಇದ್ದರೆ ಕುಬೋಟಾ ಎಂಜಿನ್, ಅಂದರೆ ಬಹುತೇಕ ಕ್ಯಾಮ್ಕೊ.

ಆದರೆ ಎಂಜಿನ್ ಒಂದರದ್ದು, ಗೇರ್‌ಬಾಕ್ಸ್ ಇನ್ನೊಂದರದ್ದು ಇರುವ ಗಾಡಿಗಳು ಬೇಕಾದಷ್ಟಿವೆ. ಫೌಂಡೇಶನ್ ಬೋಲ್ಟಿನ ತೂತು ಗ್ಯಾಸ್‌ನಲ್ಲಿ ಉದ್ದ ಮಾಡಿದ್ದಾರಾ, ಪುಲ್ಲಿ ಪಕ್ಕ ವೆಲ್ಡಿಂಗ್ ತೇಪೆ ಇದೆಯಾ ನೋಡಿ. ಹಾಗಿದ್ದರೆ ಎರಡಕ್ಕೂ ಬೇರೆ ಬೇರೆ ಗುರುತು ಹಿಡಿಯಬೇಕು. ಕಿಟ್ ತರುವಾಗ ಹಳೇ ಲೈನರನ್ನೇ ಅಂಗಡಿಗೆ ಒಯ್ಯಿರಿ: ಒಳ ವ್ಯಾಸ, ಹೊರ ವ್ಯಾಸ, ಉದ್ದ, ಓ-ರಿಂಗ್ (ನೀರು ತಡೆಯುವ ರಬ್ಬರ್ ಬಳೆ) ಕೂರುವ ತೋಡು ಎಷ್ಟು, ಎಲ್ಲಾ ತಾಳೆಯಾಗಬೇಕು.

ಡೀಸೆಲ್ ಚಿಮ್ಮಿಸುವ ನಾಜಲ್ ಕೂಡ ಬಿಚ್ಚಿ ನೋಡಿ. ತುದಿಯಲ್ಲಿ ಒಂದೇ ಪಿನ್ ಇಣುಕುತ್ತಿದ್ದರೆ ಪಿಂಟಲ್, ಅಂದರೆ ಒಳಗೆ ಪ್ರೀ-ಚೇಂಬರ್ (ಡೀಸೆಲ್ ಮೊದಲು ಹೊತ್ತಿಕೊಳ್ಳುವ ಪುಟ್ಟ ಕೋಣೆ) ಇರುವ ಹಳೇ ಮಾದರಿ. ಸೂಜಿಮೊನೆಯಂಥ ಹಲವು ತೂತಿದ್ದರೆ ಡೈರೆಕ್ಟ್ ಇಂಜೆಕ್ಷನ್, ಅಂದರೆ ಡೀಸೆಲ್ ನೇರ ಪಿಸ್ಟನ್ ಮೇಲೆ ಬೀಳೋದು. ಒಂದರ ನಾಜಲ್ ಇನ್ನೊಂದಕ್ಕೆ ಹಾಕಿದರೆ ಕಪ್ಪು ಹೊಗೆ, ಬಡಿತ, ಕೊನೆಗೆ ಪಿಸ್ಟನ್ ತಲೆ ಸುಟ್ಟು ಹೋಗುತ್ತದೆ.

ಮಲೆನಾಡ್_ಗ್ಯಾರೇಜ್
ಪೈಪ್ ಹಾಕಿ ಎಳೆದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ, ಇಲ್ಲವೇ ಸ್ಟಾರ್ಟಿಂಗ್ ಗೇರಿನ ಹಲ್ಲು ಹೋಗುತ್ತದೆ. ಮೊದಲು ಜಾಮ್ ಎಲ್ಲಿ ಅಂತ ತಿಳೀಬೇಕು. ಬೆಲ್ಟ್ ಕಳಚಿ. ಆಗಲೂ ಫ್ಲೈವೀಲ್ ತಿರುಗದಿದ್ದರೆ ಆಯಿಲ್ ಇಳಿಸಿ, ಕ್ರ್ಯಾಂಕ್‌ಕೇಸ್ ಕವರ್ ತೆಗೆದು ಬಿಗ್ ಎಂಡ್ ಕ್ಯಾಪ್ (ಕನೆಕ್ಟಿಂಗ್ ರಾಡನ್ನು ಕ್ರ್ಯಾಂಕಿಗೆ ಹಿಡಿದಿಡುವ ಅರ್ಧ ಬಳೆ) ಬಿಚ್ಚಿ. ಕ್ಯಾಪ್ ಮತ್ತು ರಾಡ್ ಎರಡಕ್ಕೂ ಮೊದಲೇ ಪಂಚ್ ಗುರುತು ಹೊಡೆದುಕೊಳ್ಳಿ, ತಿರುವುಮುರುವು ಕೂರಿಸಿದರೆ ಬೇರಿಂಗ್ ಕಚ್ಚುತ್ತದೆ. ಕ್ಯಾಪ್ ಬಿಟ್ಟ ಮೇಲೆ ಕ್ರ್ಯಾಂಕ್ ತಿರುಗಿದರೆ ಪಿಸ್ಟನ್ನೇ ಕಚ್ಚಿಕೊಂಡಿದೆ.

ನಿಮ್ಮ ಆಯಿಲ್ ಬೆಳ್ಳಗಿರೋದು ನೋಡಿದರೆ ನೀರು ಇಳಿದಿದೆ. ಇವು ವೆಟ್ ಲೈನರ್ ಎಂಜಿನ್, ಅಂದರೆ ಲೈನರಿನ ಹೊರಮೈಗೆ ಕೂಲಿಂಗ್ ನೀರು ತಾಗುತ್ತಿರುತ್ತದೆ. ಲೈನರಿನ ಕ್ರ್ಯಾಂಕ್ ಕಡೆಯ ಓ-ರಿಂಗ್ ಗಟ್ಟಿಯಾಗಿ ಬಿರಿದರೆ ನೀರು ನೇರ ಸಂಪಿಗೆ (ಆಯಿಲ್ ನಿಲ್ಲುವ ತಳಕ್ಕೆ) ಬರುತ್ತದೆ. ಇನ್ನೊಂದು ದಾರಿ ಹೆಡ್ ಗ್ಯಾಸ್ಕೆಟ್. ಹೆಡ್ ಬಿಚ್ಚುವ ಮುಂಚೆ ರೇಡಿಯೇಟರಿಗೆ ನೀರು ತುಂಬಿ ಒಂದು ರಾತ್ರಿ ಬಿಡಿ, ಬೆಳಿಗ್ಗೆ ಕ್ರ್ಯಾಂಕ್‌ಕೇಸ್ ಒಳಗೆ ಟಾರ್ಚ್ ಹಾಕಿ ನೋಡಿ. ಲೈನರಿನ ಹೊರಸುತ್ತಿನಿಂದ ತೊಟ್ಟಿಕ್ಕಿದ್ದರೆ ಓ-ರಿಂಗ್. ಈ ಕಾರಣ ಸರಿ ಮಾಡದೆ ಬರೀ ಪಿಸ್ಟನ್ ಬಿಡಿಸಿ ಓಡಿಸಿದರೆ ಮುಂದಿನ ಮಳೆಗಾಲಕ್ಕೆ ಮತ್ತೆ ಇದೇ ಕಥೆ.

ಬಿಡಿಸೋದು: ಎಂಜಿನ್ ಇಳಿಸಿ, ಹೆಡ್ ತೆಗೆದು, ಸಿಲಿಂಡರ್ ಬಾಯಿ ಮೇಲೆ ಬರುವಂತೆ ನಿಲ್ಲಿಸಿ. ಮಲಗಿದ ಹಾಗೇ ಎಣ್ಣೆ ಬಿಟ್ಟರೆ ಕೆಳಮಗ್ಗುಲು ಮಾತ್ರ ನೆನೆಯುತ್ತದೆ. ಡೀಸೆಲ್ ಮತ್ತು ಎಟಿಎಫ್ ಆಯಿಲ್ (ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ತೆಳು ಆಯಿಲ್) ಸಮಸಮ ಬೆರೆಸಿ ಹೊಯ್ದು ಮೂರು ನಾಲ್ಕು ದಿನ ಬಿಡಿ. ಆಮೇಲೂ ಬಿಡದಿದ್ದರೆ ಬಡಿಯುತ್ತಾ ಕೂರಬೇಡಿ. ಲೈನರ್ ಹೇಗೂ ಬದಲಿಸುವುದೇ, ಪುಲ್ಲರ್ ಹಾಕಿ ಲೈನರ್-ಪಿಸ್ಟನ್ ಒಟ್ಟಿಗೇ ಎಳೆಯಿರಿ.

ಕ್ರ್ಯಾಂಕ್ ಪಿನ್ನಿಗೆ (ರಾಡ್ ಕೂರುವ ಜಾಗಕ್ಕೆ) ಉಗುರು ಎಳೆದು ನೋಡಿ. ತುಕ್ಕಿನ ಗುಳಿ ಸಿಕ್ಕಿದರೆ ಗ್ರೈಂಡಿಂಗ್ ಮಾಡಿಸಿ 0.25 ಮಿ.ಮೀ. ಅಂಡರ್‌ಸೈಜ್ (ಒಳ ವ್ಯಾಸ ಅಷ್ಟು ಕಮ್ಮಿಯ) ಬೇರಿಂಗ್ ಹಾಕಬೇಕು. ಹೊಸ ಲೈನರ್ ಕೂರುವ ಮೆಟ್ಟಿಲನ್ನು ಚೆನ್ನಾಗಿ ಕೆರೆದು, ಓ-ರಿಂಗಿಗೆ ಸೋಪಿನ ನೀರು ಸವರಿ ಕೈಯಲ್ಲೇ ಒತ್ತಿ. ಕೂತ ಮೇಲೆ ಲೈನರ್ ಅಂಚು ಬ್ಲಾಕಿಗಿಂತ 0.1 ಮಿ.ಮೀ. ಆಸುಪಾಸು ಮೇಲಿರಬೇಕು. ತಗ್ಗಿದ್ದರೆ ಗ್ಯಾಸ್ಕೆಟ್ ನಿಲ್ಲುವುದಿಲ್ಲ.

ಸಾಗರದ_ತೋಟ
ಉಜ್ಜಿದೆ, ಇಆರ್90 ಅಂತಲೇ ಇದೆ. ಕ್ಯಾಪ್ ಬಿಚ್ಚಿದ ಮೇಲೆ ಕ್ರ್ಯಾಂಕ್ ಸಲೀಸಾಗಿ ತಿರುಗಿತು. ಡೀಸೆಲ್ ಪಂಪಿನ ಟೈಮಿಂಗ್ ಮುಟ್ಟಬೇಕಾ?

ನಟ್ಟು_ಬೋಲ್ಟು
ಪಂಪ್ ಬಿಚ್ಚಿದರೆ ಅದರ ಕೆಳಗಿನ ಶಿಮ್‌ಗಳನ್ನು (ತೆಳು ತಗಡಿನ ಹಾಳೆಗಳನ್ನು) ಎಣಿಸಿ ಜೋಪಾನ ಮಾಡಿ, ಅಷ್ಟನ್ನೇ ವಾಪಸ್ ಹಾಕಿ. ಶಿಮ್ ಹೆಚ್ಚಾದರೆ ಇಂಜೆಕ್ಷನ್ ತಡ, ಕಮ್ಮಿಯಾದರೆ ಬೇಗ. ಚೆಕ್ ಮಾಡೋಕೆ ಹೈ ಪ್ರೆಶರ್ ಪೈಪ್ ಕಳಚಿ, ಫ್ಲೈವೀಲನ್ನು ಓಡುವ ದಿಕ್ಕಿಗೇ ನಿಧಾನ ತಿರುಗಿಸಿ. ಪಂಪಿನ ಬಾಯಲ್ಲಿ ಡೀಸೆಲ್ ಉಬ್ಬಿದ ಕ್ಷಣ ನಿಲ್ಲಿಸಿ, ಫ್ಲೈವೀಲಿನ ಇಂಜೆಕ್ಷನ್ ಗುರುತು ತಾಳೆ ನೋಡಿ. ಏರ್ ತೆಗೆಯುವಾಗ ಮೊದಲು ಫಿಲ್ಟರ್, ಆಮೇಲೆ ಪಂಪ್, ಕೊನೆಗೆ ನಾಜಲ್ ನಟ್. ಡಿಕಂಪ್ರೆಶನ್ ಲಿವರ್ (ಸಿಲಿಂಡರಿನ ಒತ್ತಡ ಬಿಡುವ ಲಿವರ್) ಎತ್ತಿ ತಿರುಗಿಸಿದಾಗ ನಾಜಲ್ಲಿನಿಂದ 'ಕರ್ರ್ ಕರ್ರ್' ಸದ್ದು ಬರಬೇಕು. ಸದ್ದಿಲ್ಲದಿದ್ದರೆ ಎಷ್ಟು ತಿರುಗಿಸಿದರೂ ಕೈ ಸೋಲೋದಷ್ಟೇ.

ಕೆಸರುಗದ್ದೆ
ಎಂಜಿನ್ ನಡುವೆ ಹಿಂದಿನ ಭಾಗ ಮರೀಬೇಡಿ. ರೋಟರಿ (ಮಣ್ಣು ಅಗೆಯುವ ಬ್ಲೇಡುಗಳ) ಶಾಫ್ಟಿನ ಎರಡೂ ತುದಿಯಲ್ಲಿ ಬಾಳೆ ನಾರು, ಹುಲ್ಲು ಸುತ್ತಿಕೊಂಡು ಆಯಿಲ್ ಸೀಲ್ ಕೊಯ್ದಿರುತ್ತದೆ. ಚೈನ್ ಕೇಸಿನ ಆಯಿಲ್ ಹೋಗಿ ಕೆಸರು ನೀರು ಸೇರಿರುತ್ತದೆ. ಇಳಿಸಿ, ಡೀಸೆಲ್‌ನಲ್ಲಿ ತೊಳೆದು, ಸೀಲ್ ಬದಲಿಸಿ, 90 ಗೇರ್ ಆಯಿಲ್ ಹಾಕಿ. ಬ್ಲೇಡಿನಲ್ಲಿ ಎಡ ಬಾಗು, ಬಲ ಬಾಗು ಬೇರೆ ಬೇರೆ. ಎಲ್ಲಾ ಒಂದೇ ಕಡೆಯವು ಹಾಕಿದರೆ ಗಾಡಿ ಪಕ್ಕಕ್ಕೆ ಎಳೆಯುತ್ತದೆ. ಬೆಲ್ಟ್ ಒಂದು ಹೋಗಿದ್ದರೂ ಪೂರ್ತಿ ಸೆಟ್ಟೇ ಬದಲಿಸಿ, ಇಲ್ಲದಿದ್ದರೆ ಹೊಸದೊಂದೇ ಭಾರ ಎಳೆದು ಬೇಗ ಹರಿಯುತ್ತದೆ.

ನಿಮ್ಮದು ಇಳಿಜಾರಿನ ತೋಟವಾದರೆ ಇನ್ನೊಂದು ಮಾತು. ಸಮತಟ್ಟಿನಲ್ಲಿ ಎಡ ಸ್ಟೀರಿಂಗ್ ಕ್ಲಚ್ (ಆ ಬದಿಯ ಚಕ್ರವನ್ನು ಎಂಜಿನ್‌ನಿಂದ ಬಿಡಿಸುವ ಲಿವರ್) ಒತ್ತಿದರೆ ಎಡಕ್ಕೆ ತಿರುಗುವ ಟಿಲ್ಲರ್, ಇಳಿಯುವಾಗ ಬಲಕ್ಕೆ ತಿರುಗುತ್ತದೆ. ಬಿಟ್ಟ ಚಕ್ರ ಎಂಜಿನ್ ಹಿಡಿತ ತಪ್ಪಿ ಮುಂದೆ ಓಡುತ್ತದೆ. ಇಳಿಜಾರಿನಲ್ಲಿ ಆ ಕ್ಲಚ್ ಮುಟ್ಟಲೇಬೇಡಿ, ಹ್ಯಾಂಡಲ್ ತಳ್ಳಿಯೇ ತಿರುಗಿಸಿ. ರಿವರ್ಸ್ ಹಾಕುವ ಮುಂಚೆ ರೋಟರಿ ನ್ಯೂಟ್ರಲ್‌ನಲ್ಲಿರಲಿ. ರೋಟರಿ ಇದ್ದಾಗ ರಿವರ್ಸ್ ಬೀಳದಂತೆ ತಡೆಯುವ ಲಾಕ್ ಹಳೇ ಗಾಡಿಗಳಲ್ಲಿ ಸವೆದಿರುತ್ತದೆ, ಇಲ್ಲವೇ ಯಾರೋ ಕಿತ್ತು ಹಾಕಿರುತ್ತಾರೆ. ಎಂಜಿನ್ ಹೊರಗಿರುವಾಗಲೇ ಅದನ್ನು ಸರಿ ಮಾಡಿಸಿ, ಆಗ ಕೈ ಹೋಗೋಕೆ ಜಾಗ ಇರುತ್ತದೆ.