ಮಗ ಓಡ್ತಾನೆ, ಜಿಗೀತಾನೆ, ಆದ್ರೆ ನೆಟ್ಟಗೆ ಕೂರಲ್ಲ: ಮಕ್ಕಳ ಫಿಸಿಯೋ ಹತ್ರ ಕೇಳಿ

ಪ್ರಶ್ನೆ (ರಾಜಾಜಿನಗರ, 6 ವರ್ಷದ ಹುಡುಗನ ತಾಯಿ):
ಮೇಡಂ ನಮಸ್ತೆ. ಮಗ ಒಂದನೇ ಕ್ಲಾಸು. ಓಡೋದು, ಜಿಗಿಯೋದು, ಸೈಕಲ್ಲು ಎಲ್ಲಾ ಜೋರು, ಕೆಳಗೆ ಆಟಕ್ಕೆ ಬಿಟ್ರೆ ಹಿಡಿಯೋಕೇ ಆಗಲ್ಲ. ಆದ್ರೆ ಕೂತ್ಕೊಂಡು ಬರಿ ಅಂದ್ರೆ 5 ನಿಮಿಷಕ್ಕೆ ಡೆಸ್ಕ್ ಮೇಲೆ ಒರಗಿಬಿಡ್ತಾನೆ, ಒಂದು ಕೈಲಿ ತಲೆ ಹೊತ್ಕೊಂಡು ಇನ್ನೊಂದು ಕೈಲಿ ಬರೀತಾನೆ, ಎರಡು ಸಲ ಚೇರಿಂದ ಬಿದ್ದೂ ಇದ್ದಾನೆ. ಮಿಸ್ಸು ಡೈರಿಲಿ ಸೋಮಾರಿ, ಗಮನ ಇಲ್ಲ ಅಂತ ಬರ್ದಿದ್ದಾರೆ, ಓದಿ ತುಂಬಾ ಬೇಜಾರಾಯ್ತು. ಪಿಟಿ ಸರ್ ಕೋರ್ ವೀಕ್ ಇದೆ ಅಂದ್ರು. ಅದಕ್ಕೆ ನಮ್ಮನೆಯವ್ರು ಯೂಟ್ಯೂಬ್ ನೋಡಿ ದಿನಾ ಬೆಳಗ್ಗೆ 20 ಸಿಟಪ್ಸು, ಪ್ಲ್ಯಾಂಕು ಮಾಡಿಸ್ತಿದ್ದಾರೆ, ಅವನು ಅಳ್ತಾ ಅಳ್ತಾ ಮಾಡ್ತಾನೆ. ಅಷ್ಟು ಓಡೋ ಮಗು ವೀಕ್ ಹೇಗಾಗತ್ತೆ? ಈ ಸಿಟಪ್ಸು ಸರೀನಾ?

ಉತ್ತರ (ಮಕ್ಕಳ ಫಿಸಿಯೋಥೆರಪಿಸ್ಟ್):
ನಮಸ್ತೆ. ಸಿಟಪ್ಸು ಇವತ್ತೇ ನಿಲ್ಲಿಸಿ. ಅಪ್ಪನ ಕಾಳಜಿ ನಂಗೆ ಅರ್ಥ ಆಗತ್ತೆ, ಆದ್ರೆ ಅದರಲ್ಲಿ ಕೆಲಸ ಮಾಡೋದು ಹೊಟ್ಟೆ ಮುಂದಿನ ಮೇಲ್ಮೇಲಿನ ಸ್ನಾಯು ಮತ್ತೆ ತೊಡೆಸಂದಿನ ಸ್ನಾಯು, ಮಗು ಕತ್ತು ಎಳ್ಕೊಂಡು ಉಸಿರು ಕಟ್ಟಿ ಹೆಂಗೋ ಏಳತ್ತೆ ಅಷ್ಟೇ. ನಿಮ್ಮ ಮಗನಿಗೆ ಬೇಕಾಗಿರೋ ಸ್ನಾಯುಗಳೇ ಬೇರೆ.

ಪಿಟಿ ಸರ್ ಹೇಳಿದ ಕೋರ್ ಅಂದ್ರೆ ನಡು ಭಾಗ, ಅದನ್ನ ಒಂದು ಡಬ್ಬಿ ಥರ ಅಂದ್ಕೊಳ್ಳಿ. ಮುಚ್ಚಳ ಅಂದ್ರೆ ಎದೆಗೂ ಹೊಟ್ಟೆಗೂ ನಡುವೆ ಇರೋ, ಉಸಿರಾಡೋ ವಪೆ, ತಳ ಅಂದ್ರೆ ಪೆಲ್ವಿಕ್ ಫ್ಲೋರು ಅನ್ನೋ ಸೊಂಟದ ತಳದ ಸ್ನಾಯುಗಳು, ಸುತ್ತ ಬಾಣಂತಿಗೆ ಹೊಟ್ಟೆ ಕಟ್ತಾರಲ್ಲ ಬಟ್ಟೆ, ಆ ಥರ ಸುತ್ತಿರೋ ಟ್ರಾನ್ಸ್‌ವರ್ಸಸ್ ಅನ್ನೋ ಒಳಸ್ನಾಯು, ಹಿಂದ್ಗಡೆ ಬೆನ್ನುಮೂಳೆಯ ಗಂಟುಗಳಿಗೆ ಅಂಟ್ಕೊಂಡಿರೋ ಮಲ್ಟಿಫಿಡಸ್ ಅನ್ನೋ ಸಣ್ಣ ಸ್ನಾಯುಗಳು. ಇವು ಭಾರ ಎತ್ತೋಕಿರೋವಲ್ಲ, ಸಣ್ಣಗೆ ಬಿಗಿ ಹಿಡಿದು ಬಹಳ ಹೊತ್ತು ನಿಲ್ಲೋವು. ನೀವು ಶೆಲ್ಫಿಂದ ಡಬ್ಬ ತೆಗೆಯೋಕೆ ಕೈ ಎತ್ತಿದ್ರೆ, ಕೈ ಅಲ್ಲಾಡೋಕೆ ಮೊದ್ಲೇ ಒಳಗೆ ಇವು ಬಿಗಿಯಾಗಿರತ್ತೆ, ನಮಗೆ ಗೊತ್ತೂ ಆಗಲ್ಲ. ಪೆನ್ಸಿಲ್ ಹಿಡಿಯೋ ಬೆರಳಿಗೂ ಇದೇ ಆಧಾರ. ನಡು ನಿಲ್ಲದೇ ಇದ್ರೆ ಆ ಕೆಲ್ಸನ ಕೈ ಮಾಡ್ಬೇಕಾಗತ್ತೆ, ಅದಕ್ಕೇ ನಿಮ್ಮ ಮಗ ಒಂದು ಕೈನ ತಲೆಗೆ ಕಂಬ ಕೊಟ್ಟಿರೋದು. ಅದು ಸೋಮಾರಿತನ ಅಲ್ಲ, ಬೀಳದೇ ಇರೋಕೆ ಅವನೇ ಕಂಡ್ಕೊಂಡಿರೋ ದಾರಿ. ದಯವಿಟ್ಟು ಮಿಸ್ಸಿಗೂ ಇದನ್ನ ತಿಳಿಸಿ ಹೇಳಿ.

ಓಡೋ ಮಗು ವೀಕ್ ಹೇಗೆ ಅಂದ್ರಲ್ಲ, ಅವನ ಸೈಕಲ್ಲನ್ನೇ ನೋಡಿ. ಜೋರಾಗಿ ಹೋಗುವಾಗ ಬೀಳಲ್ಲ, ನಿಧಾನ ಮಾಡಿದ್ರೆ ವಾಲತ್ತೆ. ಮಕ್ಕಳೂ ಹಾಗೇ, ವೇಗ ಇದ್ದಾಗ ನಡುವಿನ ಕೊರತೆ ಮುಚ್ಚಿಹೋಗತ್ತೆ. ಓಡೋದು, ಕುಪ್ಪಳಿಸೋದು ಜಾಗ ಬದಲಾಯ್ಸೋ ಚಲನೆ. ಬಗ್ಗೋದು, ತಿರುಚೋದು, ಚಾಚೋದು, ತೂಗೋದು, ತಳ್ಳೋದು, ಎಳೆಯೋದು, ಒಂಟಿಕಾಲಲ್ಲಿ ನಿಲ್ಲೋದು ಇವೆಲ್ಲಾ ನಿಂತ ಜಾಗದಲ್ಲೇ ಮಾಡೋ ಚಲನೆ. ಇದನ್ನ ಯಾರೂ ಕಲಿಸ್ಬೇಕಿಲ್ಲ, ತಾನಾಗೇ ಬರತ್ತೆ ಅಂತ ನಾವೆಲ್ಲ ಬಿಟ್ಬಿಟ್ಟಿದ್ದೀವಿ. ಮೊದ್ಲು ಬರ್ತಿತ್ತು ಕೂಡ, ಯಾಕಂದ್ರೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಊಟ, ಕುಕ್ಕರಗಾಲಲ್ಲಿ ಕೂತು ರಂಗೋಲಿ, ಬಾವಿಯಿಂದ ನೀರು ಸೇದೋದು ಎಲ್ಲಾ ಇತ್ತು. ಈಗ ಸೋಫಾ, ಸ್ಕೂಲ್ ವ್ಯಾನು, ಬೀನ್ ಬ್ಯಾಗು, ಮಗು ಎಲ್ಲಿ ಕೂತ್ರೂ ಬೆನ್ನಿಗೆ ಏನೋ ಒಂದು ಆನಿಸಿರತ್ತೆ.

ಮನೇಲಿ ಮಾಡೋಕೆ ಏನು ಅಂದ್ರೆ, ನಂಗೆ ಎಲ್ಲಕ್ಕಿಂತ ಇಷ್ಟವಾದದ್ದು ಕುಂಟೆಬಿಲ್ಲೆ. ಅದರಲ್ಲಿ ಕುಂಟೋದನ್ನ ಎಲ್ರೂ ನೋಡ್ತಾರೆ, ನಾನು ನೋಡೋದು ಬಿಲ್ಲೆ ಎತ್ತೋ ಕ್ಷಣನ. ಒಂಟಿಕಾಲಲ್ಲಿ ನಿಂತು, ಗೆರೆ ತುಳಿಯದೇ, ಬಗ್ಗಿ ಕೈ ಚಾಚಿ ಎತ್ಕೊಂಡು ಮತ್ತೆ ನೆಟ್ಟಗಾಗ್ಬೇಕು, ಆ 2 ಸೆಕೆಂಡಲ್ಲಿ ಬಗ್ಗೋದು, ಚಾಚೋದು, ತೂಕ ಹಿಡಿಯೋದು ಮೂರೂ ಇದೆ. ಟೆರೇಸಲ್ಲಿ ಸೀಮೆಸುಣ್ಣದಲ್ಲಿ ಮನೆ ಬರ್ದುಕೊಡಿ ಸಾಕು. ಸ್ಟ್ಯಾಚ್ಯೂ ಆಟನೂ ಒಳ್ಳೇದು. ಚಪಾತಿ ಹಿಟ್ಟು ನಾದೋಕೆ ಬಿಡಿ, ಸ್ಟೂಲ್ ಮೇಲೆ ನಿಂತು ಎರಡೂ ಕೈಲಿ ತಳ್ಳಿ ನಾದ್ಲಿ, ಒದ್ದೆ ಬಟ್ಟೆ ಹಿಂಡೋಕೆ ಕೊಡಿ, ಚೀಲದ ಅಕ್ಕಿನ ಬಾಗಿಲಿಂದ ಅಡುಗೆಮನೆವರೆಗೂ ಎಳೀಲಿ. ಪಕ್ಕಕ್ಕೆ ತಿರುಗಿ ಹಿಂದೆ ಇರೋ ಅಪ್ಪನಿಗೆ ಚೆಂಡು ಕೊಡೋದು, ಅಪ್ಪ ಇನ್ನೊಂದು ಪಕ್ಕದಿಂದ ವಾಪಸ್ ಕೊಡೋದು, ಪಾದ ಕದಲ್ಸಬಾರದು. ಅಪ್ಪ ದಿನಾ ಬೆಳಗ್ಗೆ ಸಿಟಪ್ಸು ಮಾಡಿಸ್ತಾರೆ ಅಂದ್ರಲ್ಲ, ಅದರ ಬದ್ಲು ಅವ್ರಿಗೆ ಇದು ಕೊಡಿ.

ಒಂದು ಗುಟ್ಟು ಹೇಳ್ತೀನಿ, ಇದು ಮಾಡುವಾಗೆಲ್ಲ ಮಗು ಹಾಡು ಹೇಳ್ತಾ ಇರ್ಲಿ ಇಲ್ಲಾ ಜೋರಾಗಿ ಎಣಿಸ್ತಾ ಇರ್ಲಿ. ಉಸಿರು ಕಟ್ಟಿ ನಿಂತ್ರೆ ಅದು ಸ್ಥಿರತೆ ಅಲ್ಲ, ಡಬ್ಬಿ ಮುಚ್ಚಳನ ಬಿಗಿಹಿಡಿದು ಹೆಂಗೋ ಸಂಭಾಳಿಸ್ತಿದ್ದಾನೆ ಅಂತ ಅರ್ಥ. ಮಾತಾಡ್ತಾ ನಿಲ್ಲೋಕಾದ್ರೆ ನಿಜವಾಗ್ಲೂ ಬಂದಿದೆ ಅಂತ.

ಇನ್ನೊಂದು ಬಹಳ ಮುಖ್ಯ, ಅವನ ಕಾಲು ನೆಲ ಮುಟ್ಟುತ್ತಾ ನೋಡಿ. ಡೈನಿಂಗ್ ಟೇಬಲ್ ಸುಮಾರು 75 ಸೆಂಟಿಮೀಟರ್ ಎತ್ತರ, ದೊಡ್ಡವರಿಗೆ ಮಾಡಿರೋದು. ಕಾಲು ನೇತಾಡ್ತಿದ್ರೆ ಎಷ್ಟು ಗಟ್ಟಿ ನಡು ಇದ್ರೂ ಮಗು ಜಾರತ್ತೆ. ಪಾದದ ಕೆಳಗೆ ಇಟ್ಟಿಗೆ, ಹಳೇ ಪುಸ್ತಕ, ಬಚ್ಚಲಮನೆ ಸ್ಟೂಲು ಏನಾದ್ರೂ ಇಡಿ. ಸ್ಕೂಲಲ್ಲೂ ಮಿಸ್ಸಿಗೆ ಕೇಳ್ಕೊಳ್ಳಿ, ಎಷ್ಟೋ ಮಕ್ಕಳಿಗೆ ಇದೊಂದರಲ್ಲೇ ಅರ್ಧ ತೊಂದ್ರೆ ಹೋಗತ್ತೆ.

ಪ್ರಶ್ನೆ (ಅದೇ ತಾಯಿ):
ಓದಿ ಕಣ್ಣಲ್ಲಿ ನೀರು ಬಂತು ಮೇಡಂ, ಥ್ಯಾಂಕ್ಸ್. ಕಾಲು ನೇತಾಡತ್ತೆ, ನಾನು ಗಮನಿಸೇ ಇರ್ಲಿಲ್ಲ. ಒಂಟಿಕಾಲಲ್ಲಿ ಎಷ್ಟು ಹೊತ್ತು ನಿಲ್ಬೇಕು ಈ ವಯಸ್ಸಿಗೆ?

ಉತ್ತರ:
ಸುಮಾರು ಲೆಕ್ಕ ಹೇಳ್ತೀನಿ, 3 ವರ್ಷಕ್ಕೆ 2-3 ಸೆಕೆಂಡು, 4ಕ್ಕೆ 5 ಸೆಕೆಂಡು ಹತ್ರ, 5-6 ವರ್ಷಕ್ಕೆ 10 ಸೆಕೆಂಡು. ಬರಿಗಾಲಲ್ಲಿ ನೋಡಿ. ಆದ್ರೆ ದಿನಾ ಸ್ಟಾಪ್‌ವಾಚ್ ಹಿಡ್ಕೊಂಡು ನಿಲ್ಬೇಡಿ, ಅದೂ ಸಿಟಪ್ಸೇ ಆಗೋಗತ್ತೆ.

ಪ್ರಶ್ನೆ (ಬಸವನಗುಡಿ, ಅಜ್ಜಿ):
ನನ್ನ ಮೊಮ್ಮಗಳಿಗೆ 4 ವರ್ಷ. ಮಂಡಿ ಮುಂದೆ ಮಾಡಿ ಪಾದಗಳನ್ನ ಎರಡೂ ಪಕ್ಕಕ್ಕೆ ಹಾಕ್ಕೊಂಡು ಕೂರ್ತಾಳೆ, ಡಬ್ಲ್ಯೂ ಥರ. ಸೊಸೆ ದಿನಾ ಗದರ್ತಾಳೆ, ಸೊಂಟ ಹಾಳಾಗತ್ತೆ ಅಂತ. ನಿಜವೇನಮ್ಮಾ?

ಉತ್ತರ:
ಅಮ್ಮಾ, ಗದರೋದು ಬೇಡ ಅಂತ ಸೊಸೆಗೆ ನಾನು ಹೇಳಿದೆ ಅಂತ ಹೇಳಿ. ಹುಟ್ಟಿದಾಗ ತೊಡೆಮೂಳೆ ಸುಮಾರು 40 ಡಿಗ್ರಿ ತಿರುಚಿರತ್ತೆ, ಬೆಳೀತಾ ಬೆಳೀತಾ ದೊಡ್ಡವರಾಗೋ ಹೊತ್ತಿಗೆ 15ರ ಹತ್ರ ಬರತ್ತೆ. ಅದಕ್ಕೇ ಚಿಕ್ಕ ಮಕ್ಕಳಿಗೆ ಆ ಭಂಗಿ ಸುಲಭ. ಅದರಿಂದ ಸೊಂಟದ ಕೀಲು ಜಾರತ್ತೆ ಅನ್ನೋಕೆ ಆಧಾರ ಇಲ್ಲ. ನಾನು ಕೇಳೋದು ಬೇರೆ, ಅವ್ಳು ಬೇರೆ ಥರ ಕೂರೋಕೆ ಆಗತ್ತಾ? ಡಬ್ಲ್ಯೂ ಅಂದ್ರೆ ತಳ ಅಗಲ, ನಡುಗೆ ಕೆಲಸವೇ ಇಲ್ಲ, ಪಕ್ಕಕ್ಕೆ ತಿರುಗೋದೂ ಇಲ್ಲ. ಯಾವಾಗ್ಲೂ ಅದೊಂದೇ ಆದ್ರೆ ಬೇರೆ ಭಂಗಿಗಳ ಅಭ್ಯಾಸ ತಪ್ಪತ್ತೆ. ನೀವು ಕಥೆ ಹೇಳುವಾಗ ತೊಡೆ ಮೇಲೆ ಕೂರಿಸ್ಕೊಂಡು ಆನೆ ಬಂತೊಂದಾನೆ ಅಂತ ಆ ಕಡೆ ಈ ಕಡೆ ತೂಗಿ, ಬೀಳ್ತೀನಿ ಅನ್ನೋ ಹಾಗಾದಾಗ ಅವ್ಳೇ ಸಾವರಿಸ್ಕೊಳ್ಳೋಕೆ ಒಂದು ಕ್ಷಣ ಬಿಡಿ. ನಿಮ್ಮ ಕಾಲದ ಅಜ್ಜಿಯರು ಮಾಡಿದ್ದೇ ಇದು.

ಪ್ರಶ್ನೆ (ಯಲಹಂಕ, 8 ತಿಂಗಳ ಮಗುವಿನ ತಂದೆ):
ಮಗು ಆಧಾರ ಇಲ್ದೆ ಈಗ ಕೂರ್ತಿದೆ. ವಾಕರ್ ತಂದ್ರೆ ಬೇಗ ಕಾಲು ಗಟ್ಟಿಯಾಗತ್ತಾ?

ಉತ್ತರ:
ಬೇಡ ಸರ್, ತರಲೇಬೇಡಿ. ವಾಕರಲ್ಲಿ ಮಗು ನೇತಾಡತ್ತೆ, ತೂಕ ಹಿಡಿಯೋದು ಕಲಿಯಲ್ಲ, ಮೇಲಾಗಿ ಮೆಟ್ಟಿಲಿಂದ ಉರುಳೋದು, ಸ್ಟೌವ್ ಹತ್ರ ಕೈ ಹೋಗೋದು ಇದೆ. ಕೆನಡಾದಲ್ಲಿ 2004ರಿಂದ ವಾಕರ್ ಮಾರೋದೇ ನಿಷೇಧ. ನೆಲದ ಮೇಲೆ ಚಾಪೆ ಹಾಸಿ ಬಿಡಿ, ಬೋರಲು ಬೀಳೋದು, ತಿರುಗೋದು, ಪಕ್ಕದ ಆಟಿಕೆಗೆ ಕೈ ಚಾಚೋದು, ಈ ವಯಸ್ಸಿನ ಕೋರ್ ವ್ಯಾಯಾಮ ಅಂದ್ರೆ ಇದೇ. ಇನ್ನೂ ತೆವಳದೇ ಇರೋ ಕೂಸುಗಳಿಗೂ ಎಚ್ಚರ ಇದ್ದಾಗ ದಿನಕ್ಕೆ ಒಟ್ಟು 30 ನಿಮಿಷ ಬೋರಲು ಹಾಕಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ, ಒಂದೇ ಸಲಕ್ಕೆ ಅಲ್ಲ, ಸ್ವಲ್ಪ ಸ್ವಲ್ಪ ಸೇರಿಸಿ.

ಪ್ರಶ್ನೆ (ಪೀಣ್ಯ ಕಡೆಯ ಒಬ್ಬ ಪಿಟಿ ಮೇಷ್ಟ್ರು):
ನಮ್ಮಲ್ಲಿ ಮೈದಾನ ಇಲ್ಲ ಮೇಡಂ. ಒಂದು ಕ್ಲಾಸಿಗೆ 45 ಮಕ್ಕಳು, ಕಾರಿಡಾರು, ವಾರಕ್ಕೆ ಎರಡು ಪೀರಿಯಡ್ಡು. ಡ್ರಿಲ್ ಬಿಟ್ರೆ ಏನ್ ಮಾಡ್ಸೋದು?

ಉತ್ತರ:
ಸರ್, ನೀವು ಕೇಳಿದ್ದು ನಂಗೆ ತುಂಬಾ ಖುಷಿಯಾಯ್ತು. ಮೈದಾನ ಇಲ್ಲದ ಸ್ಕೂಲಿಗೆ ನಿಂತಲ್ಲೇ ಮಾಡೋ ಚಲನೆನೇ ಸರಿಯಾದ್ದು, ಒಂದು ಮಗುವಿಗೆ ಒಂದು ಚಾಪೆಯಷ್ಟು ಜಾಗ ಸಾಕು. ಡ್ರಿಲ್ಲಲ್ಲಿ ತೊಂದ್ರೆ ಏನಂದ್ರೆ ಎಲ್ಲರೂ ಒಂದೇ ಲೆಕ್ಕಕ್ಕೆ ಬೇಗ ಬೇಗ ಮಾಡ್ತಾರೆ, ವೇಗದಲ್ಲಿ ಎಲ್ಲಾ ಮುಚ್ಚಿಹೋಗತ್ತೆ. ನಿಧಾನ ಮಾಡ್ಸಿ. ಗಾಳಿಗೆ ತೂಗೋ ತೆಂಗಿನಮರ ಆಗ್ಲಿ, ಪಾದ ಬೇರು, ಕದಲ್ಬಾರ್ದು, ಗಾಳಿ ಜೋರಾಯ್ತು ಅಂದಾಗ ಎಷ್ಟು ವಾಲ್ತಾರೆ ನೋಡಿ. ಇಬ್ಬಿಬ್ಬರು ಅಂಗೈಗೆ ಅಂಗೈ ಇಟ್ಟು ತಳ್ಳೋದು, ಪಾದ ಕಿತ್ತವರು ಔಟ್. ವೃಕ್ಷಾಸನ ಮಾಡಿಸ್ತೀರಾದ್ರೆ ಮಗ್ಗಿ ಹೇಳ್ತಾ ಮಾಡಿಸಿ. ಗೋಡೆ ಪಕ್ಕ ನಿಲ್ಲಿಸಿದ್ರೆ ಭಯ ಇರೋ ಮಕ್ಕಳೂ ಬರ್ತಾರೆ. ಬಸ್ಕಿನ ಮಾತ್ರ ಶಿಕ್ಷೆ ಮಾಡ್ಬೇಡಿ ಸರ್, ಶಿಕ್ಷೆ ಆದದ್ದನ್ನ ಮಗು ಆಮೇಲೆ ಇಷ್ಟಪಟ್ಟು ಮಾಡಲ್ಲ.

ಬ್ಯಾಗ್ ಬಗ್ಗೆನೂ ನೀವೇ ಒಂದು ಮಾತು ಹೇಳಿ ಸ್ಕೂಲಲ್ಲಿ. 1-2ನೇ ತರಗತಿಗೆ ಬ್ಯಾಗು 2 ಕೆಜಿ ಮೀರಬಾರದು ಅಂತ ನಮ್ಮ ರಾಜ್ಯದ ಆದೇಶ 2019ರಿಂದ ಇದೆ.

ಪ್ರಶ್ನೆ (ವಿಜಯನಗರ, ಒಬ್ಬ ತಾಯಿ):
ಇದು ಬರೀ ಅಭ್ಯಾಸದ ಕೊರತೆನಾ, ಇಲ್ಲಾ ಕಾಯಿಲೆನಾ ಅಂತ ನಮಗೆ ಹೇಗೆ ಗೊತ್ತಾಗತ್ತೆ?

ಉತ್ತರ:
ಇದನ್ನ ಎಲ್ರೂ ದಯವಿಟ್ಟು ಪೂರ್ತಿ ಓದಿ. ಮಗು ನೆಲದಿಂದ ಏಳುವಾಗ ಕೈನ ಮಂಡಿ ಮೇಲೆ, ಆಮೇಲೆ ತೊಡೆ ಮೇಲೆ ಊರ್ಕೊಂಡು ತನ್ನ ಮೈಮೇಲೆ ತಾನೇ ಹತ್ತಿದ ಹಾಗೆ ಎದ್ರೆ ಅದಕ್ಕೆ ಗೋವರ್ಸ್ ಸೈನ್ ಅಂತಾರೆ. ಹುಡುಗರಲ್ಲಿ ಅದರ ಜೊತೆ ಮೀನಖಂಡ ದಪ್ಪ ಕಾಣ್ತಿದ್ರೆ, ಮೆಟ್ಟಿಲು ಹತ್ತೋಕೆ ಕಷ್ಟಪಡ್ತಿದ್ರೆ, ಪದೇ ಪದೇ ಬೀಳ್ತಿದ್ರೆ ಡುಷೆನ್ ಅನ್ನೋ ಸ್ನಾಯುರೋಗ ಇರಬಹುದು, ಸಿಪಿಕೆ ಅನ್ನೋ ರಕ್ತಪರೀಕ್ಷೆಲಿ ಸುಳಿವು ಸಿಗತ್ತೆ. ಆಟ ಆಡಿಸಿ ನೋಡೋಣ ಅಂತ ಕಾಯ್ಬೇಡಿ, ಮಕ್ಕಳ ಡಾಕ್ಟರಿಗೆ ತೋರಿಸಿ. ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಇದೆ, ಸ್ನಾಯುರೋಗಕ್ಕೆ ನಿಮ್ಹಾನ್ಸಲ್ಲಿ ತಜ್ಞರಿದ್ದಾರೆ. ಮೊದ್ಲು ಬರ್ತಿದ್ದದ್ದು ಈಗ ಬರ್ತಿಲ್ಲ ಅನ್ನೋದು, 3 ವರ್ಷ ದಾಟಿದ್ರೂ ಯಾವಾಗ್ಲೂ ತುದಿಗಾಲಲ್ಲೇ ನಡೆಯೋದು, ರಾತ್ರಿ ಎಬ್ಬಿಸೋ ಬೆನ್ನುನೋವು, ಇವೂ ತಡ ಮಾಡೋ ವಿಷಯ ಅಲ್ಲ. ಕಾಲು ಸೊಟ್ಟ ಇದ್ದು ನಡಿಗೆ ತೂರಾಡ್ತಿದ್ರೆ ವಿಟಮಿನ್ ಡಿ ಕೊರತೆನೂ ಇರಬಹುದು. ಇನ್ನು ಕೆಲವು ಮಕ್ಕಳ ಕೀಲುಗಳೇ ಬಹಳ ಸಡಿಲ, ಹೆಬ್ಬೆರಳು ಬಗ್ಗಿಸಿದ್ರೆ ಮುಂಗೈಗೆ ತಾಗತ್ತೆ. ಅಂಥ ಮಕ್ಕಳು ಬೇಗ ಸುಸ್ತಾಗಿ ಕುಸಿದು ಕೂರ್ತಾರೆ, ಅವ್ರಿಗೆ ಇನ್ನೂ ಎಳೆದು ಚಾಚಿಸೋ ವ್ಯಾಯಾಮ ಬೇಡ, ಹಿಡಿದು ನಿಲ್ಲೋದು ಬೇಕು.

ಮೂರು ವಾರದ ನಂತರ, ರಾಜಾಜಿನಗರದ ತಾಯಿ:
ಮೇಡಂ ಅಪ್‌ಡೇಟ್. ಸಿಟಪ್ಸು ಬಿಟ್ಟಾಯ್ತು, ಕಾಲ ಕೆಳಗೆ ಸ್ಟೂಲು ಬಂತು, ಅಪ್ಪ ಮಗ ದಿನಾ ಟೆರೇಸಲ್ಲಿ ಕುಂಟೆಬಿಲ್ಲೆ. ಮಿಸ್ಸಿಗೆ ನಿಮ್ಮ ಉತ್ತರ ಓದಿಸ್ದೆ, ಈಗ ಅವನನ್ನ ಮುಂದಿನ ಸಣ್ಣ ಬೆಂಚಿಗೆ ಕೂರಿಸಿದ್ದಾರೆ, 15 ನಿಮಿಷ ಒರಗದೇ ಬರ್ದ ಅಂತ ಅವ್ರೇ ಹೇಳಿದ್ರು. ನೆಲದಿಂದ ಏಳೋದು ನೋಡಿದೆ, ಕೈ ಊರಲ್ಲ. ಆದ್ರೆ ಬಲಗಾಲಲ್ಲಿ 9 ಸೆಕೆಂಡು ನಿಲ್ತಾನೆ, ಎಡಗಾಲಲ್ಲಿ 3 ದಾಟಲ್ಲ. ವಿಡಿಯೋ ಹಾಕ್ಲಾ?

ಉತ್ತರ:
15 ನಿಮಿಷ ಕೂತಿದ್ದು ಕೇಳಿ ನಿಜಕ್ಕೂ ಸಂತೋಷ ಆಯ್ತು. ಎಡ ಬಲ ಸ್ವಲ್ಪ ವ್ಯತ್ಯಾಸ ಮಕ್ಕಳಲ್ಲಿ ಇದ್ದೇ ಇರತ್ತೆ, ಆದ್ರೆ 9ಕ್ಕೂ 3ಕ್ಕೂ ಅಂದ್ರೆ ಒಂದ್ಸಲ ಕಣ್ಣಾರೆ ನೋಡ್ಬೇಕು. ಎರಡೂ ಚಪ್ಪಲಿ ತಿರುಗಿಸಿ ನೋಡಿ, ಒಂದು ಕಡೆ ಜಾಸ್ತಿ ಸವೆದಿದ್ಯಾ, ಹಿಂದಿನಿಂದ ನೋಡಿದ್ರೆ ಸೊಂಟದ ಎರಡೂ ಪಕ್ಕ ಸಮ ಇದ್ಯಾ ಗಮನಿಸಿ ಬರ್ಕೊಳ್ಳಿ. ನಿಮ್ಮ ಮಕ್ಕಳ ಡಾಕ್ಟರ್ ಹತ್ರ ಈ ವಾರವೇ ಹೋಗಿ, ಬರ್ಕೊಂಡಿದ್ದನ್ನ ತೋರಿಸಿ. ವಿಡಿಯೋ ಅವ್ರಿಗೆ ತೋರಿಸಿ, ಗ್ರೂಪಲ್ಲಿ ಹಾಕೋದು ಬೇಡ, ಮಗು ಮುಖ ಅಷ್ಟು ಜನಕ್ಕೆ ಹೋಗೋದು ಬೇಡ. ಅಲ್ಲಿವರೆಗೂ ಕುಂಟೆಬಿಲ್ಲೆ ನಿಲ್ಲಿಸ್ಬೇಡಿ, ಎಡಗಾಲಿನ ಸರದಿ ಬಂದಾಗ ಅಪ್ಪ ಒಂದು ಬೆರಳು ಕೊಡ್ಲಿ.