ಮಗಳ ಕೋಣೆಗೆ ಸಂಗೀತದ ಅಲಂಕಾರ, ಮಲೆನಾಡಿನ ಮಳೆ ತಡೆಯುವ ಹಾಗೆ

ಅಡಿಕೆಸೋಗೆ:
ತೀರ್ಥಹಳ್ಳಿ ಹತ್ತಿರ ಹಂಚಿನ ಮನೆ. ಕೋಣೆ 10 ಅಡಿಗೆ 12 ಅಡಿ, ಮರದ ಮುಚ್ಚಿಗೆ, ರೆಡ್ ಆಕ್ಸೈಡ್ ನೆಲ. ಪಶ್ಚಿಮದ ಗೋಡೆಗೆ ಮಳೆ ನೇರ ಹೊಡೆಯುತ್ತೆ. ಮಗಳಿಗೆ 5 ವರ್ಷ, ಸಂಗೀತದ ಮೊದಲ ಪಾಠ ಸರಳೆ ವರಸೆ ನಡೀತಿದೆ, ಮುಂದೆ ವೀಣೆಗೆ ಸೇರಿಸೋ ಆಸೆ. ಪಿಯಾನೊದ ಕಪ್ಪು-ಬಿಳಿ ಕೀಗಳ ಚಿತ್ರ ಇರೋ ವಾಲ್‌ಪೇಪರ್, ಗೋಡೆಗೆ ಸ್ಪಂಜಿನ ಹಾಳೆ ಹಾಕಿಸೋಣ ಅಂತಿದೀವಿ. 15 ವರ್ಷ ಆದಾಗಲೂ ಇದೇ ಕೋಣೆ ಒಗ್ಗಬೇಕು. ಎಲ್ಲಿಂದ ಶುರು ಮಾಡಲಿ?

ಉಳಿಬಾಚಿ:
ವಾಲ್‌ಪೇಪರ್ ಬೇಡ ಮಾರಾಯ್ರೆ. ಗೋಡೆಯ ಪಸೆ ಕಾಗದದ ಹಿಂದೆ ಸಿಕ್ಕಿಕೊಂಡು ಆರಿದ್ರಾ, ಪುನರ್ವಸು ಮಳೆ ಕಳೆಯೋದರೊಳಗೆ ಕಪ್ಪು ಬೂಷ್ಟು ಹಿಡಿಯುತ್ತೆ. ಪಶ್ಚಿಮಕ್ಕೆ ಬರೀ ಸುಣ್ಣ ಹೊಡೆಸಿ, ಬೀರು ಮಂಚ ಎಲ್ಲ ಅದರಿಂದ 4 ಇಂಚು ದೂರ ಇಡಿ.

ಅಲಂಕಾರ ಒಳಗೋಡೆಗೆ ಇರಲಿ. 3 ಇಂಚು ಅಗಲದ ಮರದ ಪಟ್ಟಿ ಎರಡು, ನೆಲದಿಂದ 3 ಅಡಿ ಮತ್ತು 5 ಅಡಿಗೆ ಅಡ್ಡಡ್ಡ ಸ್ಕ್ರೂ ಮಾಡಿ ಗೂಟ ಹೊಡೆಸಿ. ಈಗ ಕೆಳಗಿನದಕ್ಕೆ ತಾಳ, ಗೆಜ್ಜೆ. ದೊಡ್ಡವಳಾದ ಮೇಲೆ ಮೇಲಿನದಕ್ಕೆ ಅವಳಿಗೆ ಬೇಕಾದ್ದು. ಬಾಗಿಲ ಪಕ್ಕ ಎತ್ತರ ಅಳೆಯೋ ಪಟ್ಟಿಗೆ ಸಪ್ತಸ್ವರ ಬರೆಸಿ: ಸ 75 ಸೆಂ.ಮೀ.ಗೆ, ಆಮೇಲೆ ಒಂದೊಂದು ಸ್ವರಕ್ಕೂ 15 ಸೆಂ.ಮೀ. ಏರಿಸಿದರೆ ಮೇಲಿನ ಸ 180ಕ್ಕೆ ಬರುತ್ತೆ. 5 ವರ್ಷದ ಮಗು ಗಾಂಧಾರದ (ಗ) ಆಸುಪಾಸಿನಲ್ಲಿರುತ್ತೆ, ಹತ್ತು ವರ್ಷಕ್ಕೆ ಪಂಚಮ (ಪ) ಮುಟ್ಟುತ್ತೆ.

ಪಾರ್ಟಿಕಲ್ ಬೋರ್ಡ್ ನೀರು ಕುಡಿದು ಉಬ್ಬುತ್ತೆ. ಐಎಸ್ 710 ಗುರುತಿರೋ, ನೀರು ತಡೆಯೋ ಮರೈನ್ ಪ್ಲೈವುಡ್ ತಗೊಳ್ಳಿ. ಮಂಚ ಈಗಲೇ 6 ಅಡಿಯದು ಮಾಡಿಸಿ.

ಮಂದ್ರಸ್ಥಾಯಿ:
ಮಂಚದ ಜಾಗ ಗುರುತು ಹಾಕೋ ಮೊದಲು 6 ಅಡಿಗೆ 4 ಅಡಿ ನೆಲ ಬಿಡಿ. ವೀಣೆಯೇ ಸುಮಾರು 4 ಅಡಿ ಉದ್ದ, ಎದುರಿಗೆ ಗುರುಗಳೂ ಕೂರಬೇಕು. ಜಮಖಾನ ಹಾಸಿ, ಪಾಠ ಮುಗಿದ ಮೇಲೆ ಸುತ್ತಿಡಿ. ಮಳೆಗಾಲದಲ್ಲಿ ಹಾಗೇ ಬಿಟ್ಟರೆ ಅಡಿಯಲ್ಲಿ ನೆಲ ಬೆವರುತ್ತೆ.

ಇನ್ನೊಂದು, ಇದು ಬಹಳ ಮುಖ್ಯ. ಬಟ್ಟೆ ಒಣಗಲಿ ಅಂತ ಬೀರಿನಲ್ಲಿ ಬಲ್ಬ್ ಉರಿಸ್ತೀವಲ್ಲ, ವೀಣೆ ಇಟ್ಟ ಕಡೆ ಅದು ಕೂಡದು. ವೀಣೆಯ 24 ಮೆಟ್ಟಿಲುಗಳೂ (ತಂತಿ ಒತ್ತಿ ನುಡಿಸೋ ಲೋಹದ ಪಟ್ಟಿಗಳು) ಮೇಣದ ಮೇಲೆ ಕೂತಿರುತ್ತವೆ. ಶಾಖಕ್ಕೆ ಮೇಣ ಮೆತ್ತಗಾಗಿ ಮೆಟ್ಟಿಲು ಜರುಗಿದರೆ ಸ್ವರಸ್ಥಾನ ಕೆಡುತ್ತೆ, ಮತ್ತೆ ಮೇಳ ಕಟ್ಟಿಸಬೇಕು, ಅಂದರೆ ಮೆಟ್ಟಿಲುಗಳನ್ನ ಸ್ವರಕ್ಕೆ ಸರಿಯಾಗಿ ಹೊಸದಾಗಿ ಕೂರಿಸಬೇಕು. ಒಲೆಯ ಮೇಲಿನ ಅಟ್ಟಕ್ಕೂ ಹಾಕಬೇಡಿ. ಒಳಗೋಡೆ ಪಕ್ಕ ಅರ್ಧ ಅಡಿ ಎತ್ತರದ ಮಣೆ, ಹತ್ತಿ ಬಟ್ಟೆಯ ಗವಸು, ಒಳಗೆ ಪಸೆ ಹೀರೋ ಸಿಲಿಕಾ ಜೆಲ್ ಪೊಟ್ಟಣ. ಪೊಟ್ಟಣ ಮಗುವಿನ ಕೈಗೆ ಸಿಗದಿರಲಿ. ನುಡಿಸಿದ ಮೇಲೆ ತಂತಿ ಒಣ ಬಟ್ಟೆಯಲ್ಲಿ ಒರೆಸದಿದ್ದರೆ ತುಕ್ಕು ಹಿಡಿಯುತ್ತೆ.

ಅಡಿಕೆಸೋಗೆ:
ಸ್ಪಂಜಿನ ಹಾಳೆ? ಪಕ್ಕದ ಕೋಣೆಯಲ್ಲಿ ಅಜ್ಜಿ ಮಲಗ್ತಾರೆ.

ಉಳಿಬಾಚಿ:
ಅದು ಕೋಣೆಯೊಳಗಿನ ಮಾರ್ದನಿ ಕಡಿಮೆ ಮಾಡುತ್ತೆ ಅಷ್ಟೆ, ಸದ್ದು ಆಚೆ ಹೋಗೋದನ್ನ ತಡೆಯಲ್ಲ. ಮೇಲಿಂದ ಪಸೆ ಹೀರಿ ನಾರುತ್ತೆ. ಮಾರ್ದನಿಗೆ ಜಮಖಾನ, ದಪ್ಪ ಹತ್ತಿ ಪರದೆ, ಪುಸ್ತಕದ ಕಪಾಟು ಸಾಕು. ಸದ್ದು ದಾಟೋದು ಹೆಚ್ಚಾಗಿ ಬಾಗಿಲ ಸಂದಿಯಿಂದ. ಕೆಳಗೆ ರಬ್ಬರ್ ಪಟ್ಟಿ ಹೊಡೆಸಿ, ಕಪಾಟನ್ನ ಅಜ್ಜಿ ಕೋಣೆ ಕಡೆ ಗೋಡೆಗೆ ಇಡಿ.

ಮಂದ್ರಸ್ಥಾಯಿ:
ಎಲೆಕ್ಟ್ರಾನಿಕ್ ಶ್ರುತಿ ಪೆಟ್ಟಿಗೆಗೆ ಕಪಾಟಿನ ಪಕ್ಕವೇ ಪ್ಲಗ್ ಪಾಯಿಂಟ್ ಕೊಡಿಸಿ. ಗುಡುಗು ಶುರುವಾಗೋ ಮೊದಲೇ ಪ್ಲಗ್ ಕಿತ್ತಿಡಿ, ಸ್ವಿಚ್ ಆರಿಸಿದರೆ ಸಾಲದು.